ಅಟ್ಟದ ಮೇಲಿನ ಮಾತ್ರೆ

ಅತ್ತೆಯ ದನಿ ಯಾಕೆ ಕೆಟ್ಟಿತೋ ನನಗೆ ಇವತ್ತಿಗೂ ಸರಿಯಾಗಿ ಗೊತ್ತಿಲ್ಲ. ಗೊತ್ತಿರಬೇಕಿತ್ತು. ಹಾಸನದ ಕಾಲೇಜಿನಲ್ಲಿ ನಾನು ಪಾಠ ಹೇಳುವುದೇ ಔಷಧಿಯ ಹರಳುಗಳ ಬಗ್ಗೆ.

ಪಾಳ್ಯದ ಹತ್ತಿರದ ನಮ್ಮೂರಿನ ಈಶ್ವರನ ಗುಡಿಯಲ್ಲಿ, ಸೋಮವಾರದ ಭಜನೆಗೆ ಅತ್ತೆಯೇ ಮೊದಲ ಸಾಲು ಎತ್ತಬೇಕು. ಆ ಮಳೆಗಾಲ ಅವರ ದನಿ ಗೊಗ್ಗರಾಯಿತು, ಮುಖ ಊದಿಕೊಂಡಿತು, ಕೂತಲ್ಲೇ ತೂಕಡಿಕೆ. ರಕ್ತಪರೀಕ್ಷೆ ನೋಡಿದ ಡಾಕ್ಟರು, "ಥೈರಾಯ್ಡ್ ಮಾತ್ರೆ ಬಿಟ್ಟಿದ್ದೀರಾ?" ಎಂದು ಗದರಿದರು.

"ಒಂದಿನಾನೂ ಬಿಟ್ಟಿಲ್ಲ ಕಣ್ರೀ!" ಅತ್ತೆಗೆ ಸಿಟ್ಟು ನೆತ್ತಿಗೇರಿತ್ತು.

ಮನೆಗೆ ಬಂದು ಮಾತ್ರೆ ತೋರಿಸಿ ಎಂದೆ. ಸ್ಟೂಲು ಹತ್ತಿ, ಸೌದೆ ಒಲೆಯ ಮೇಲಿನ ಅಟ್ಟದಿಂದ, ಬಿತ್ತನೆ ಬೀಜದ ಪಕ್ಕದಲ್ಲಿದ್ದ ಸ್ಟೀಲ್ ಡಬ್ಬಿ ಇಳಿಸಿದರು. ಮಾತ್ರೆಗಳನ್ನೆಲ್ಲ ಅಂಗಡಿಯ ಬೆಳ್ಳಿಹಾಳೆಯಿಂದ ಬಿಡಿಸಿ ಅದರಲ್ಲಿ ತುಂಬಿದ್ದರು.

"ಮಳೇಲಿ ತಂಡಿ ಹಿಡೀತದೆ ಅಂತ ಬೆಚ್ಚಗೆ ಮಡಗಿವ್ನಿ. ಬೀಜಾನೇ ಕೆಡಲ್ಲ, ಇದು ಕೆಟ್ಟಾತಾ?"

ನನ್ನ ತಲೆ ಮೊಸರುಗಡಿಗೆಯಾಯಿತು. ಆ ಔಷಧಿ ಒಂದು ಸೋಡಿಯಂ ಲವಣ. ಅದರ ಹರಳಿನೊಳಗೆ ನೀರಿನ ಅಣುಗಳೂ ಸೇರಿಕೊಂಡಿರುತ್ತವೆ. ನೀರಿನ ಹೈಡ್ರೋಜನ್ನು ಪಕ್ಕದ ಅಣುವಿನ ಆಕ್ಸಿಜನ್ನನ್ನು ಹಿಡಿದುಕೊಂಡಿರುತ್ತದೆ. ಹೈಡ್ರೋಜನ್ ಬಂಧವೆಂದರೆ ಇಷ್ಟೇ, ಅಷ್ಟೇನೂ ಬಿಗಿಯಲ್ಲದ ಒಂದು ಹಿಡಿತ. ಕಾವಿಗೆ ನೀರು ಹೊರಟುಹೋದರೆ ಹರಳಿನ ಜೋಡಣೆ ಸಡಿಲವಾಗಿ ಔಷಧಿ ಬೇಗ ಕೆಡಬಹುದು. ಹಾಗಂತ ತಂಡಿಯಲ್ಲಿಟ್ಟರೂ ಕೆಡಬಹುದು. ಹಾಗಾದರೆ ಅತ್ತೆ ಮಾಡಿದ್ದು ತಪ್ಪೋ, ಅರ್ಧ ಸರಿಯೋ? ಇಲ್ಲ, ಮಾತ್ರೆ ಸರಿಯಾಗಿದ್ದು ಕಾಯಿಲೆಯೇ ಜಾಸ್ತಿಯಾಗಿದೆಯೋ? ಡಬ್ಬಿಯೊಳಗೆ ನೋಡಿದರೆ ಅವು ಬೆಳ್ಳಗೆ, ಗುಂಡಗೆ, ಹೊಸದರ ಹಾಗೇ ಇದ್ದವು.

"ನೀನು ಓದಿದೋಳು, ಹೇಳವ್ವ," ಎಂದರು ಅತ್ತೆ. "ಕೆಟ್ಟಿರೋದು ಮಾತ್ರೆನಾ, ನಾನಾ?"

ಗುಡಿಯಲ್ಲಿ ಮುಂದೆ ಕೂರುವುದನ್ನು ಇನ್ನು ಬಿಟ್ಟುಬಿಡಬೇಕೇ ಎಂದೇ ಅವರು ಕೇಳುತ್ತಿದ್ದುದು. "ಗೊತ್ತಾಗ್ತಿಲ್ಲ ಅತ್ತೆ," ಎಂದೆ. ನಾಚಿಕೆಯಾಯಿತು. ಸಿಟ್ಟೂ ಬಂತು, ಯಾರ ಮೇಲೆ ಎಂದು ತಿಳಿಯಲಿಲ್ಲ.

ಅಟ್ಟದ ವಿಷಯ ಕೇಳಿದ ಡಾಕ್ಟರು ಪ್ರಮಾಣ ಹೆಚ್ಚಿಸಲಿಲ್ಲ. ಅದೇ ಮಾತ್ರೆಯನ್ನು ಹೊಸದಾಗಿ ಬರೆದು, ಹಾಳೆಯಲ್ಲೇ ಇರಲಿ, ಒಲೆಯಿಂದ ದೂರವಿಡಿ ಎಂದರು. ಬರಬರುತ್ತಾ ಮುಖದ ಊತ ಇಳಿಯಿತು, ರಕ್ತಪರೀಕ್ಷೆಯೂ ಸರಿಬಂತು. ದನಿ ಬಂತೋ ಇಲ್ಲವೋ ಹೇಳುವುದು ಕಷ್ಟ. ಅಡುಗೆಮನೆಯಲ್ಲಿ ಒಮ್ಮೆ ಚೆನ್ನಾಗಿ ಕೇಳಿಸುತ್ತಿತ್ತು, ಮರುಗಳಿಗೆಗೆ ಕಟ್ಟಿಕೊಳ್ಳುತ್ತಿತ್ತು.

ಕಾರ್ತಿಕದ ಒಂದು ಸೋಮವಾರ ಅತ್ತೆ ಹಠ ಹಿಡಿದು ಗುಡಿಗೆ ಹೊರಟರು. ನಾನೂ ಜೊತೆಗೆ ಹೋದೆ. ಮೊದಲ ಸಾಲು ಎತ್ತಿದರು, ಮೇಲಕ್ಕೆ ಹೋಗುವಾಗ ದನಿ ಒಡೆಯಿತು. ತಾಳ ನಿಂತಿತು. ಅತ್ತೆ ಸೆರಗಿನಿಂದ ಬಾಯಿ ಒರೆಸಿಕೊಂಡು, ತೀರಾ ತಗ್ಗಿದ ಶ್ರುತಿಯಲ್ಲಿ ಅದೇ ಸಾಲನ್ನು ಮತ್ತೆ ಎತ್ತಿದರು. ಹೆಂಗಸರೆಲ್ಲ ಅವರ ಜೊತೆ ಆ ತಗ್ಗಿಗೇ ಇಳಿದು ಹಾಡಿದರು.