ತಲೆಗಿಂತ ದೊಡ್ಡ ಕುಂಚಿಗೆ

ನಾಲ್ಕು ವರ್ಷದ ಹಿಂದಿನ ಮಾತು. ಏಳನೇ ತಿಂಗಳಲ್ಲೇ ನನಗೆ ಸಿಜೇರಿಯನ್ ಆಗಿ ಹೆಣ್ಣು ಮಗು ಹುಟ್ಟಿತು. ಹಿಂದಿನ ಎರಡು ಬಸಿರು ನಿಂತಿರಲಿಲ್ಲ. ಗೋಕಾಕದ ಆಸ್ಪತ್ರೆಯಲ್ಲಿ ಕೂಸನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟರು. "ಈಗ ಏನೂ ಹೇಳಾಕ ಬರೂದಿಲ್ಲ" ಎಂದರು ಡಾಕ್ಟರು.

ಹುಟ್ಟುವ ಮೊದಲು ಕೂಸಿಗೆಂದು ಏನನ್ನೂ ಹೊಲಿಯಬಾರದು ಎಂಬುದು ಹುಕ್ಕೇರಿಯ ನಮ್ಮ ಮನೆಯ ಪದ್ಧತಿ. ಹುಟ್ಟಿದ ಮೇಲೆ ಅತ್ತೆ "ಕುಂಚಿಗಿ ಹೊಲೀಲೇನವಾ?" ಎಂದು ಕೇಳಿದರೆ ನಾನೇ ಬೇಡವೆಂದೆ. ಆಸೆ ಇಟ್ಟುಕೊಂಡರೆ ತಾನೇ ಕಳೆದುಕೊಳ್ಳುವುದು? ಮೂರನೇ ಸಲ ತಡೆದುಕೊಳ್ಳುವ ಶಕ್ತಿ ನನಗಿರಲಿಲ್ಲ. ನರ್ಸ್ ಕೇಳಿದಾಗ ಹಾಲು ಹಿಂಡಿ ಕೊಡುತ್ತಿದ್ದೆ, ಅಷ್ಟೇ. ಪೆಟ್ಟಿಗೆಯ ಹತ್ತಿರ ಹೋಗುತ್ತಿರಲಿಲ್ಲ. ಹೆಸರಿನ ಮಾತೆತ್ತಿದವರ ಮೇಲೆ ಸಿಡುಕುತ್ತಿದ್ದೆ. ಮೊದಲೇ ನನಗೆ ಮೂಗಿನ ತುದಿಯಲ್ಲಿ ಸಿಟ್ಟು.

ಪಕ್ಕದ ಮಂಚದ ಬಾಣಂತಿಯ ತಾಯಿ ಮೂಡಲಗಿಯ ಹಸೀನಾ ಚಾಚಿ. ಕೌದಿ ಹೊಲಿದು ಬದುಕುವ ಹೆಂಗಸು, ಕೈ ಸುಮ್ಮನಿರದು. ಐದನೇ ದಿನ ತಮ್ಮದೊಂದು ಹಳೆಯ ಮೆತ್ತನೆಯ ಸೀರೆ ಹರಿದು, ಕೂಸಿನ ತಲೆ ಬೆನ್ನು ಮುಚ್ಚುವ ಕುಂಚಿಗೆ ಹೊಲಿಯತೊಡಗಿದರು. ಮೊಮ್ಮಗನಿಗಿರಬೇಕು ಅಂದುಕೊಂಡೆ. "ನಿನ್ನ ಮಗಳಿಗವ್ವಾ" ಎಂದರು.

ನೋಡಿದರೆ ನನ್ನ ಕೂಸು ಪೂರ್ತಿ ಮುಚ್ಚಿಹೋಗುವಷ್ಟು ದೊಡ್ಡದು! ರೇಗಿಬಿಟ್ಟೆ.

"ಚಾಚಿ, ಅದನ್ನ ನೋಡೀರೇನ್ರಿ ನೀವು? ಅದರ ತಲಿ ಪ್ಯಾರಲ ಹಣ್ಣಿನಷ್ಟೈತಿ. ಇದ್ಯಾರ ಅಳತಿ?"

ಚಾಚಿ ಸೂಜಿ ನಿಲ್ಲಿಸಲಿಲ್ಲ. "ದಿನಾ ಹೋಗಿ ಕಾಜಿನ ಪೆಟಗಿ ಹೊರಗಿಂದ ನೋಡಿ ಬರ್ತೇನಿ. ಇದು ಐದ ತಿಂಗಳ ಕೂಸಿನ ಅಳತಿ. ಕೂಸಿಗೆ ಯಾರರ ಇವತ್ತಿನ ಅಳತಿ ಹಿಡದ ಹೊಲೀತಾರೇನ? ಬೆಳಿಯಾಕ ಜಾಗಾ ಬಿಡಬೇಕಲ್ಲವ್ವಾ."

"ಬೆಳೀದಿದ್ರ?"

"ಅದು ನನಗೂ ಗೊತ್ತಿಲ್ಲ ಮಗಳ. ನನ್ನ ಕೈಯಾಗ ಇರೂದು ಸೂಜಿ ಅಷ್ಟ."

ಗೋಡೆಗೆ ಮುಖ ಮಾಡಿ ಅತ್ತುಬಿಟ್ಟೆ. ಐದು ದಿನದಿಂದ ಒಂದು ಹನಿ ಕಣ್ಣೀರೂ ಬಂದಿರಲಿಲ್ಲ. ಚಾಚಿ ಹೊಲಿಯುತ್ತಲೇ ಇದ್ದರು. ಆಮೇಲೆ ಗೋಡೆ ಹಿಡಿದುಕೊಂಡು ಪೆಟ್ಟಿಗೆಯವರೆಗೆ ನಡೆದು ಹೋದೆ. ಮೊದಲ ಸಲ ಮಗಳ ಮುಖ ಕಣ್ತುಂಬ ನೋಡಿದೆ. ಥೇಟ್ ನಮ್ಮ ಅತ್ತೆಯ ಮೂಗು! ಆ ಅಳುವಿನಲ್ಲೂ ನಗು ಬಂತು.

ಮರಳಿ ಬಂದಾಗ ಚಾಚಿ ಗಲ್ಲದ ಕೆಳಗೆ ಕಟ್ಟುವ ಕಸಿ ಕತ್ತರಿಸುತ್ತಿದ್ದರು.

"ಕಸಿ ಇನ್ನ ಒಂದೀಟು ಉದ್ದ ಇಡ್ರಿ ಚಾಚಿ" ಎಂದೆ.

ಮಗಳು ನಲವತ್ತು ದಿನಕ್ಕೆ ಮನೆಗೆ ಬಂದಳು. ಈಗ ಅಂಗನವಾಡಿಗೆ ಹೋಗುತ್ತಾಳೆ, ಸಿಟ್ಟು ಮಾತ್ರ ನನ್ನದೇ. ಆದರೆ ಅವಳು ಬದುಕಿದಳೆಂಬ ಕಾರಣಕ್ಕಷ್ಟೇ ನಾನು ಚಾಚಿಯನ್ನು ನೆನೆಯುವುದಿಲ್ಲ. ಒಂದು ವೇಳೆ ಬದುಕದೇ ಹೋಗಿದ್ದರೂ, ಆ ಮಗುವಿಗೆ ತಾಯಿಯ ಮುಖ ತೋರಿಸಿದವರು ಅವರೇ.