ಐದನೇ ಬಾಟಲಿ

ಬಾಲ ಇಲ್ಲದ್ದು ಕಪ್ಪೆ, ಬಾಲ ಇರುವುದು ಸಾಲಮ್ಯಾಂಡರ್, ಕಾಲೇ ಇಲ್ಲದ್ದು ಸಿಸಿಲಿಯನ್. ಉಭಯವಾಸಿಗಳ ಈ ಮೂರು ಗಣಗಳನ್ನು ಅವಳಿಗೆ ಬಾಯಿಪಾಠ ಮಾಡಿಸಿದವಳು ನಾನು, ಅದೂ ಹೆಬ್ಬಾಳದ ಬಸ್ಸಿನಲ್ಲಿ ನೇತಾಡಿಕೊಂಡು. ಅವಳು ಕೆಂಪಾಪುರದ ರೈತರ ಮನೆಯ ಹುಡುಗಿ, ಬಿ.ಎಸ್ಸಿ.ಯಲ್ಲಿ ನನ್ನ ಜೀವದ ಗೆಳತಿ. ಕಾಲಿಲ್ಲದ್ದೆಲ್ಲ ಅವಳಿಗೆ ಹಾವು. ಹಾವಿನ ಮೈಮೇಲೆ ಹುರುಪೆ ಕಾಣುತ್ತದೆ, ಸಿಸಿಲಿಯನ್ನಿನ ಮೈಸುತ್ತ ಉಂಗುರ ಉಂಗುರ ಗೆರೆ, ಮೊದಲು ಉಂಗುರ ನೋಡು ಎಂದು ಹೇಳಿ ಹೇಳಿ ನನ್ನ ಗಂಟಲು ಒಣಗಿತ್ತು.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಧಾರವಾಡದ ಕಡೆಯಿಂದ ಬಂದು ಯಶವಂತಪುರದ ಕಾರ್ಖಾನೆಯೊಂದರಲ್ಲಿ ದುಡಿಯುತ್ತಿದ್ದ ಅಪ್ಪ ಕಡ್ಡಿ ಮುರಿದಂತೆ ಹೇಳಿದ್ದರು: ಎಂ.ಎಸ್ಸಿ. ಸೀಟು ಸಿಕ್ಕರೆ ಓದು, ಇಲ್ಲದಿದ್ದರೆ ಮದುವೆ. ಗೆಳತಿಗೂ ಇದು ಗೊತ್ತಿತ್ತು.

ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಸತ್ತ ಪ್ರಾಣಿಗಳನ್ನು ಮುಳುಗಿಸಿಟ್ಟ ಬಾಟಲಿಗಳ ಹೆಸರು ಮುಚ್ಚಿ, ನಂಬರು ಅಂಟಿಸಿ ಇಡುತ್ತಿದ್ದರು. ಮೊದಲ ಬ್ಯಾಚಿನವರು ಹೊರಗೆ ಬಂದು ಎರಡನೆಯವರ ಕಿವಿಯಲ್ಲಿ ಯಾವುದು ಏನೆಂದು ಊದುವುದು ನಮ್ಮಲ್ಲಿ ನಡೆದುಬಂದ ಪದ್ಧತಿ. ಅವಳು ಮೊದಲ ಬ್ಯಾಚು. ಹೊರಗೆ ಬಂದವಳೇ ನನ್ನ ಕೈ ಹಿಡಿದು ಪಕ್ಕಕ್ಕೆ ಎಳೆದಳು.

"ಐದನೇದು ಸಿಸಿಲಿಯನ್ ಅಲ್ಲ ಕಣೇ, ಕುರುಡು ಹಾವು. ಎಕ್ಸಾಮಿನರ್ ಬಾಯಲ್ಲೇ ಕೇಳ್ದೆ."

ಒಳಗೆ ಐದನೇ ಬಾಟಲಿಯಲ್ಲಿ ಉಂಗುರಗಳು ಸ್ಪಷ್ಟವಾಗಿ ಕಾಣುತ್ತಿದ್ದವು. ಬಗ್ಗಿ ಎರಡು ಸಲ ನೋಡಿದೆ. ಆದರೂ, ನನ್ನ ಮಂಕುಬುದ್ಧಿಗಿಷ್ಟು, ಅವಳೇಕೆ ಸುಳ್ಳು ಹೇಳುತ್ತಾಳೆ ಎಂದುಕೊಂಡು ಹಾವು ಎಂದೇ ಬರೆದೆ.

ಸೀಟು ಎರಡು ಅಂಕಕ್ಕೆ ತಪ್ಪಿತು. ಆ ಒಂದು ಬಾಟಲಿಗೇ ಮೂರು ಅಂಕವಿತ್ತು. ಸೀಟು ಸಿಕ್ಕಿದ್ದು ಅವಳಿಗೆ. ಮೇಷ್ಟ್ರು ನನ್ನನ್ನು ಕರೆದು, ನಿನ್ನ ಗೆಳತಿ ಉಂಗುರಗಳ ಸಮೇತ ಚಿತ್ರ ಬರೆದು ಸಿಸಿಲಿಯನ್ ಎಂದು ಬರೆದಿದ್ದಾಳೆ, ನಿನಗೇನಾಗಿತ್ತಮ್ಮ ಎಂದು ಕೇಳಿದರು. ಹಾವು ಯಾವುದು ಎಂದು ಆಗ ಗೊತ್ತಾಯಿತು.

ಹೆಬ್ಬಾಳದ ಬಸ್ ಸ್ಟಾಪಿನಲ್ಲಿ ಅವಳನ್ನು ಹಿಡಿದು ನಿಲ್ಲಿಸಿ, ಹೀಗೇಕೆ ಮಾಡಿದೆ ಎಂದು ಕೇಳಿದೆ. ಅತ್ತುಬಿಡುತ್ತಾಳೆ ಎಂದುಕೊಂಡಿದ್ದೆ. ತಲೆ ಕೂಡ ತಗ್ಗಿಸಲಿಲ್ಲ.

"ನಿಂಗೆ ಕಣ್ಣಿರ್ಲಿಲ್ವೇನೆ? ಉಂಗುರ ನೋಡು ಅಂತ ನೀನೇ ಹೇಳ್ಕೊಟ್ಟಿದ್ದಲ್ವಾ?"

ಅಷ್ಟರಲ್ಲಿ ಬಸ್ಸು ಬಂತು, ಹತ್ತಿ ಹೋದಳು.

ಎರಡು ತಿಂಗಳಿಗೆ ಆರ್.ಟಿ. ನಗರದ ನಮ್ಮ ಬಾಡಿಗೆ ಮನೆಯಲ್ಲಿ ನಿಶ್ಚಿತಾರ್ಥ. ಹುಡುಗ ನನ್ನ ಬೆರಳಿಗೆ ಉಂಗುರ ತೊಡಿಸಿದ. ಎಷ್ಟು ಚೆನ್ನಾಗಿದೆ ನೋಡೇ, ನೋಡೇ ಎಂದು ಹೆಂಗಸರೆಲ್ಲ ಮುತ್ತಿಕೊಂಡರು. ನಾನೊಬ್ಬಳು ನೋಡಲಿಲ್ಲ.