ಕಾರು ಲೋನಿಗೆ ನಮ್ಮ ಬೀದಿ ಹೇಳಿದ ಸಾಕ್ಷಿ

ನಾನು ಕಡುಬಡವ ಅಂತ ಹೋದ ತಿಂಗಳು ನಮ್ಮ ಬೀದಿಯವರೆಲ್ಲ ಸೇರಿ ಸಾಬೀತು ಮಾಡಿದರು. ಅದೂ ನಾನು ಮನೆಯಲ್ಲಿಲ್ಲದ ಹೊತ್ತು ನೋಡಿ.

ನನ್ನ ಹೆಂಡತಿ ಮಂಗಳ ಹಾಸನೂರಿನ ಒಂದು ಖಾಸಗಿ ಶಾಲೆಯಲ್ಲಿ ಟೀಚರ್. ನಮ್ಮೂರು ಪಣಕಹಳ್ಳಿಯಿಂದ ದಿನಾ ಕಾಡುದಾರಿಯಲ್ಲಿ ಸ್ಕೂಟರಿನಲ್ಲಿ ಹೋಗಿಬರುತ್ತಿದ್ದಳು. ಒಂದು ಸಂಜೆ ತಿರುವಿನಲ್ಲಿ ಆನೆ ನಿಂತಿತ್ತು. ಸ್ಕೂಟರ್ ಬಿಟ್ಟು ಓಡಿ, ಹಿಂದೆ ಬರುತ್ತಿದ್ದ ಕೋಸಿನ ಲಾರಿ ಹತ್ತಿ ಬದುಕಿದಳು. (ಆನೆ ಸ್ಕೂಟರನ್ನು ಮೂಸಿಯೂ ನೋಡಲಿಲ್ಲ. ಅಷ್ಟು ಹಳೆಯ ಮಾಡೆಲ್.)

"ಕಾರು ತಕ್ಕಳಿ. ಇಲ್ಲ ಅಂದ್ರ ನಾ ಕೆಲ್ಸ ಬುಟ್ಬುಡ್ತೀನಿ" ಅಂದಳು. ಕೆಲಸ ಹೋದರೆ ಹೋಗಲಿ, ಅವಳು ಹೋದರೆ? ನನಗೆ ನಿಜಕ್ಕೂ ಹೆದರಿಕೆಯಾಗಿತ್ತು.

ಘಾಟಿ ಇಳಿದು ಸತ್ಯಮಂಗಲದ ಸೆಕೆಂಡ್ ಹ್ಯಾಂಡ್ ಕಾರಿನ ಷೋರೂಮಿಗೆ ಹೋದೆ. ಬಿಳಿ ಕಾರು. ಮೊದಲ ಓನರ್ ಡಾಕ್ಟರ್ ಅಂತೆ. (ಎಲ್ಲ ಹಳೆ ಕಾರುಗಳೂ ಮೆಲ್ಲಗೆ ಓಡಿಸುವ ಡಾಕ್ಟರುಗಳದ್ದೇ ಆಗಿರುತ್ತವೆ, ಗಮನಿಸಿದ್ದೀರಾ?) "ಲೋನ್ ನಮ್ಮ ಪೊರುಪ್ಪು ಸಾರ್, ನೀವು ಸೈನ್ ಮಾಡಿ ಸಾಕು" ಎಂದು ಸೇಲ್ಸ್‌ನವನು ಅರ್ಧ ತಮಿಳಿನಲ್ಲಿ ಜವಾಬ್ದಾರಿ ಹೊತ್ತ. ಟೋಕನ್ ಅಡ್ವಾನ್ಸ್ ಕಟ್ಟಿದೆ. ಶನಿವಾರದೊಳಗೆ ಲೋನ್ ಆಗದಿದ್ದರೆ ಕಾರು ಬೇರೆ ಪಾರ್ಟಿಗೆ.

ಮಂಗಳವಾರ ಫೈನಾನ್ಸ್ ಕಂಪನಿಯವನು ಫೈಲು ಹಿಡಿದು ವೆರಿಫಿಕೇಶನ್ನಿಗೆ ಬಂದ. ನಾನು ತಾಳವಾಡಿಗೆ ಹೋಗಿದ್ದೆ.

ಈಗ ನಮ್ಮ ಬೀದಿಯ ಬಗ್ಗೆ ಹೇಳಬೇಕು. ಫೈಲು ಹಿಡಿದವರು ಯಾರೇ ಬರಲಿ, ನಮ್ಮವರು ಒಬ್ಬರನ್ನೊಬ್ಬರು ಬಿಟ್ಟುಕೊಡುವುದಿಲ್ಲ. ಪಿಂಚಣಿಯೋ, ರೇಷನ್ನೋ, ಪುಕ್ಕಟೆ ಮೇಕೆಯೋ, ಎಲ್ಲ ತನಿಖೆಗೂ ಒಂದೇ ಉತ್ತರ: ಪಾಪ, ಅವರಿಗೇನೂ ಇಲ್ಲ. ಟಿವಿಗೆ ಹಳೆ ಸೀರೆ ಹೊದಿಸುತ್ತಾರೆ. ನಾನೇನು ಕಡಿಮೆ? ನನ್ನ ಅಮ್ಮನಿಗೆ "ನೋಡಿಕೊಳ್ಳುವವರಿಲ್ಲ" ಎಂದು ಪಿಂಚಣಿ ಬರುತ್ತದೆ. ಆ ಅರ್ಜಿ ತುಂಬಿದವನು ನಾನೇ. ಕಾಗದದ ಪ್ರಕಾರ ನಾನು ಹುಟ್ಟೇ ಇಲ್ಲ.

ಫೈಲು ಕಂಡದ್ದೇ ಎದುರು ಮನೆಯ ಪುಟ್ಟಮ್ಮಜ್ಜಿ ಎದ್ದು ಬಂದಳು. "ಮಾದೇವನಾ? ಅವನ್ಗೇನದ ಸಾ. ಒಲ ಅಂದ್ರ ಬರೀ ಕಲ್ಲು. ಕಾಡಂದಿ ತಿಂದು ಬುಟ್ಟುದ್ನ ಇವ್ನು ತಿಂತಾನ."

ಪಕ್ಕದ ಮನೆಯ ಬಸವಣ್ಣನೂ ಕೈಜೋಡಿಸಿದ. "ಎಡ್ತಿ ದುಡುದ್ರ ಒಲೆ ಉರೀತದ, ಅಷ್ಟೆಯ."

ಬಂದವನು ಎಲ್ಲವನ್ನೂ ಬರೆದುಕೊಂಡ. ಸಂಜೆ ಷೋರೂಮಿನಿಂದ ಫೋನ್. ಲೋನ್ ರಿಜೆಕ್ಟ್.

ಅಜ್ಜಿಯ ಮೇಲೆ ಹಾರಾಡಿದೆ. ಅವಳು ನೊಂದುಕೊಂಡಳು. "ನಿಮ್ಮವ್ವನ ಪಿಂಚಣಿಗ ಬಂದೋನು ಅಂದ್ಕಂಡೆ ಕಣ್ಲಾ. ಬಡವ ಅನ್ನಿ ಅಂತ ಕಲ್ಸ್‌ದೋನು ನೀನೇಯ. ಈಗ ಸಾವ್ಕಾರ ಅನ್ಬೇಕಾ? ಮೊದ್ಲೇ ಏಳುದಲ್ವಾ?"

ನನಗೇ ನಾಚಿಕೆಯಾಯಿತು.

ಷೋರೂಮಿನವರಿಗೆ ದಮ್ಮಯ್ಯ ಗುಡ್ಡೆ ಹಾಕಿ ಇನ್ನೊಂದು ವೆರಿಫಿಕೇಶನ್ ಮಾಡಿಸಿದೆ. ಶುಕ್ರವಾರ ಅದೇ ಮನುಷ್ಯ ಬಂದ. ಈ ಸಲ ಪುಟ್ಟಮ್ಮಜ್ಜಿ ನನಗೆ ಇಲ್ಲದ ಎರಡು ಬೋರ್‌ವೆಲ್ ಕೊಟ್ಟಳು. ಬಸವಣ್ಣ ತನ್ನ ಟ್ರ್ಯಾಕ್ಟರನ್ನು ತಂದು ನನ್ನ ಅಂಗಳದಲ್ಲಿ ನಿಲ್ಲಿಸಿದ. ಮೂರೇ ದಿನದಲ್ಲಿ ನಾನು ಸಾಹುಕಾರನಾದದ್ದು ಬಂದವನಿಗೆ ಆಶ್ಚರ್ಯವೇ ಆಗಲಿಲ್ಲ. (ತಿಂಗಳ ಕೊನೆ, ಅವನಿಗೂ ಟಾರ್ಗೆಟ್ ಇತ್ತೇನೋ.) ಲೋನ್ ಆಯಿತು. ಬಡ್ಡಿ ಮಾತ್ರ ಹೇಳಿದ್ದಕ್ಕಿಂತ ಎರಡು ಪರ್ಸೆಂಟ್ ಜಾಸ್ತಿ. ಯಾಕೆ ಅಂತ ಫೈನಾನ್ಸಿನವರನ್ನು ಕೇಳಿದೆ. "ಮೊದಲ ರಿಪೋರ್ಟ್ ಸರಿ ಇಲ್ವಲ್ಲ ಸಾರ್." ಅಂದರೆ ಬಡವ ಅಂದದ್ದನ್ನೂ ನಂಬಿದರು, ಸಾಹುಕಾರ ಅಂದದ್ದನ್ನೂ ನಂಬಿದರು. ಎರಡಕ್ಕೂ ಬಿಲ್ಲು ನನ್ನ ಹೆಸರಿಗೆ.

ಮಂಗಳ ಈಗ ಗಾಜು ಏರಿಸಿಕೊಂಡು ಹಾಸನೂರಿಗೆ ಹೋಗುತ್ತಾಳೆ. ಅವಳು ಬರುವವರೆಗೆ ನಾನು ರಸ್ತೆ ಕಾಯುವುದು ತಪ್ಪಿದೆ.

ಮೊನ್ನೆ ಶಾಲೆಗೆ ರಜೆಯಿದ್ದ ದಿನ ಪಿಂಚಣಿ ತನಿಖೆಯವರು ನಿಜವಾಗಿಯೂ ಬಂದರು. ಅಂಗಳದಲ್ಲಿ ಬಿಳಿ ಕಾರು ಹೊಳೆಯುತ್ತಿತ್ತು. ಅದನ್ನು ಮುಚ್ಚುವಷ್ಟು ದೊಡ್ಡ ಸೀರೆ ಎಲ್ಲಿಂದ ತರಲಿ? "ಯಾರದು ಈ ಕಾರು?" ಎಂದರು.

ಪುಟ್ಟಮ್ಮಜ್ಜಿ ತನ್ನ ಜಗಲಿಯಿಂದಲೇ ಹೇಳಿದಳು. "ಅದಾ? ಅದು ಇವುನ್ದಲ್ಲ ಸಾ. ಪೈನಾನ್ಸ್‌ನೋರ್ದು. ಇಲ್ ತಂದು ನಿಲ್ಸವ್ರ, ಅಷ್ಟೆಯ."

ಫೈಲು ಹಿಡಿದು ಬಂದವರಿಗೆ ನಮ್ಮ ಬೀದಿ ಹೇಳಿದ ಮೊದಲ ನಿಜ ಅದು.